ತವರಿನಲ್ಲಿ ಮೂರೇ ರನ್ನು

(ಶಿವಮೊಗ್ಗದಲ್ಲಿ ಕ್ರೀಡಾಸಕ್ತ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಮದುವೆಯಾಗಿ ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಹೋದೆ. ಪೊಟೊಮ್ಯಾಕ್ ನದಿಯ ಆ ದಡದಲ್ಲಿ ವಾಷಿಂಗ್ಟನ್ ನಗರ, ಈ ದಡದಲ್ಲಿ ನಮ್ಮ ಮನೆ. ಹೋದ ಹೊಸದರಲ್ಲಿ ಆ ಊರಿನಲ್ಲಿ ನನ್ನದು ಎನ್ನುವಂಥದ್ದು ಏನೂ ಇರಲಿಲ್ಲ. ಬೇಸಿಗೆಯ ಸಂಜೆಗಳಲ್ಲಿ ಮಗಳನ್ನು ಕರೆದುಕೊಂಡು ಬೇಸ್‌ಬಾಲ್ ನೋಡಲು ಹೋಗತೊಡಗಿದ ಮೇಲೆ ನಿಧಾನವಾಗಿ ಒಂದು ಕುರ್ಚಿ, ಒಂದು ಮೆಟ್ಟಿಲ ಸಾಲು, ಪಕ್ಕದಲ್ಲಿ ಕೂರುವ ನಾಲ್ಕಾರು ಮುಖಗಳು ನನ್ನವಾದವು. ವಾಷಿಂಗ್ಟನ್ ನ್ಯಾಷನಲ್ಸ್ ನನ್ನ ತಂಡವಾದದ್ದು ಹೀಗೆ.

ಇವತ್ತು ಆ ತಂಡದ ಮೂರು ಸೋಲುಗಳ ಬಗ್ಗೆ ಮಾತನಾಡಲು ಬಂದಿದ್ದೇನೆ. 2019ರ ಅಕ್ಟೋಬರ್ 25, 26 ಮತ್ತು 27. ಶುಕ್ರವಾರ, ಶನಿವಾರ, ಭಾನುವಾರ. ಎದುರಾಳಿ ಹ್ಯೂಸ್ಟನ್ ಆಸ್ಟ್ರೋಸ್. ಆಟ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲಿನ ಅಂತಿಮ ಸರಣಿ. ಏಳು ಆಟಗಳಲ್ಲಿ ನಾಲ್ಕನ್ನು ಮೊದಲು ಗೆದ್ದವರಿಗೆ ಪಟ್ಟ. ಆ ವರ್ಷ ಮೊದಲ ಎರಡು ಆಟ ಹ್ಯೂಸ್ಟನ್‌ನಲ್ಲಿ, ನಡುವಿನ ಮೂರು ನಮ್ಮಲ್ಲಿ, ಬೇಕಾದರೆ ಕೊನೆಯ ಎರಡು ಮತ್ತೆ ಹ್ಯೂಸ್ಟನ್‌ನಲ್ಲಿ.

ಸರಣಿಯನ್ನು ಕೊನೆಗೆ ನಮ್ಮ ತಂಡವೇ ಗೆದ್ದಿತು. ಅದನ್ನು ಬಚ್ಚಿಟ್ಟುಕೊಂಡು ಕೊನೆಯಲ್ಲಿ ಬಿಚ್ಚುವ ಆಸೆ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ. ಗೆದ್ದಿರಲ್ಲ, ಮತ್ತೇಕೆ ಆ ಮೂರು ದಿನಗಳ ಮಾತು ಎಂದು ಅಲ್ಲಿಯೂ ಬಹಳ ಜನ ಕೇಳಿದ್ದಾರೆ. ಪಟ್ಟ ಬಂದರೆ ಹಿಂದಿನ ನೋವೆಲ್ಲ ಮಾಫಿ ಎಂದು ಎಲ್ಲರೂ ತಿಳಿಯುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ನಾಲ್ಕು ಗೆಲುವುಗಳೂ ಹ್ಯೂಸ್ಟನ್‌ನಲ್ಲೇ ಬಂದವು. ನಮ್ಮ ಅಂಗಳಕ್ಕೆ ಬಂದದ್ದು ಮೂರು ಸೋಲು ಮಾತ್ರ. ತಂಡದ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ. ನಾನು ಊರಿನ ಲೆಕ್ಕ ಹೇಳುತ್ತೇನೆ.

ಆ ಊರು ಎಷ್ಟು ಕಾದಿತ್ತು ಎಂಬುದು ತಿಳಿಯದಿದ್ದರೆ ಆ ಶುಕ್ರವಾರ ಅರ್ಥವಾಗುವುದಿಲ್ಲ. ಅದಕ್ಕೆ ಮುನ್ನ ವಾಷಿಂಗ್ಟನ್ ನಗರ ವರ್ಲ್ಡ್ ಸೀರೀಸ್ ಗೆದ್ದದ್ದು ಒಮ್ಮೆ, 1924ರಲ್ಲಿ, ವಾಲ್ಟರ್ ಜಾನ್ಸನ್ ಎಂಬ ಮಹಾ ಪಿಚರ್‌ನ (ಚೆಂಡೆಸೆಯುವವನ) ಕಾಲದಲ್ಲಿ. 1933ರಲ್ಲಿ ಮತ್ತೆ ಅಂತಿಮ ಸರಣಿಗೆ ಬಂದು ನ್ಯೂಯಾರ್ಕ್ ಜೈಂಟ್ಸ್ ಎದುರು ಸೋತಿತು. ಆ ಸರಣಿಯಲ್ಲಿ ತವರಿನ ತಂಡಕ್ಕೆ ಸಿಕ್ಕಿದ್ದು ಒಂದೇ ಗೆಲುವು: ಅಕ್ಟೋಬರ್ 5ರಂದು, ಅಧ್ಯಕ್ಷ ರೂಸ್‌ವೆಲ್ಟ್ ಮೊದಲ ಚೆಂಡು ಎಸೆದ ಆಟದಲ್ಲಿ, 4–0. ಆಮೇಲೆ ದಶಕಗಳ ಬರ. 1971ರ ಋತು ಮುಗಿದ ಮೇಲೆ ಊರಿನ ಸೆನೆಟರ್ಸ್ ತಂಡವೇ ಟೆಕ್ಸಾಸ್‌ಗೆ ಹೊರಟುಹೋಯಿತು. ಕೊನೆಯ ಆಟದ ದಿನ ಸಿಟ್ಟಾದ ಜನ ಮೈದಾನಕ್ಕೆ ನುಗ್ಗಿದ್ದರಿಂದ ಗೆಲ್ಲುತ್ತಿದ್ದ ಆಟವನ್ನೂ ಬಿಟ್ಟುಕೊಡಬೇಕಾಯಿತು. ಮುಂದೆ 33 ಋತುಗಳ ಕಾಲ ಅಮೆರಿಕದ ರಾಜಧಾನಿಗೆ ತನ್ನದೆಂಬ ಬೇಸ್‌ಬಾಲ್ ತಂಡವೇ ಇರಲಿಲ್ಲ. 2005ರಲ್ಲಿ ಮಾಂಟ್ರಿಯಲ್‌ನ ಎಕ್ಸ್‌ಪೋಸ್ ತಂಡ ಊರು ಬದಲಿಸಿ ಬಂದು ನ್ಯಾಷನಲ್ಸ್ ಆಯಿತು. 2008ರಲ್ಲಿ ಅನಕೋಸ್ಟಿಯಾ ನದಿಯ ದಂಡೆಯಲ್ಲಿ ನ್ಯಾಷನಲ್ಸ್ ಪಾರ್ಕ್ ತೆರೆಯಿತು.

ಹೊಸ ಮೈದಾನದಲ್ಲೂ ಸಂಕಟ ತಪ್ಪಲಿಲ್ಲ. 2012ರ ಅಕ್ಟೋಬರ್ 12ರ ರಾತ್ರಿ ನಾನು ಅಲ್ಲಿದ್ದೆ. ಋತುವಿನ ಕೊನೆಯ ಹಂತದಲ್ಲಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎದುರಿನ ಐದು ಆಟಗಳ ಸರಣಿಯ ಐದನೆಯ, ನಿರ್ಣಾಯಕ ಆಟ. ನಾವು 6–0 ಮುಂದಿದ್ದೆವು. ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸ್‌ನಲ್ಲೂ 7–5 ಮುಂದೆಯೇ ಇದ್ದೆವು. ಎರಡು ಔಟ್ ಆಗಿತ್ತು, ಒಂದೇ ಒಂದು ಸ್ಟ್ರೈಕ್, ಅಂದರೆ ಬ್ಯಾಟರ್‌ಗೆ ಸಿಗದ ಒಂದು ಒಳ್ಳೆಯ ಎಸೆತ, ಬೇಕಿತ್ತು. ಅದು ಬರಲಿಲ್ಲ, 9–7ರಿಂದ ಸೋತೆವು. ಮಗಳಿಗೆ ಆಗ ಎಂಟು ವರ್ಷ. 2014ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಎದುರು 18 ಇನ್ನಿಂಗ್ಸ್ ಆಡಿ ಒಂದು ರನ್ನಿನಿಂದ, 2016ರಲ್ಲಿ ಲಾಸ್ ಏಂಜಲೀಸ್ ಎದುರು ಐದನೆಯ ಆಟದಲ್ಲಿ ಒಂದು ರನ್ನಿನಿಂದ, 2017ರಲ್ಲಿ ಶಿಕಾಗೊ ಕಬ್ಸ್ ಎದುರು ಮತ್ತೆ ಐದನೆಯ ಆಟದಲ್ಲಿ ಒಂದು ರನ್ನಿನಿಂದ ಸೋಲು. ಎಲ್ಲವೂ ಇದೇ ಅಂಗಳದಲ್ಲಿ.

2019ರ ಋತುವೂ ಕೆಟ್ಟದಾಗಿ ಶುರುವಾಯಿತು. ಮೇ 23ರ ಹೊತ್ತಿಗೆ 19 ಗೆಲುವು, 31 ಸೋಲು. ಅಲ್ಲಿಂದ ಎದ್ದು 93 ಗೆಲುವುಗಳೊಂದಿಗೆ ಮುಗಿಸಿ, ಮೂರು ತಂಡಗಳನ್ನು ದಾಟಿ ಅಂತಿಮ ಸರಣಿಗೆ ಬಂದರು. ಆಸ್ಟ್ರೋಸ್ ಆ ವರ್ಷ 107 ಆಟ ಗೆದ್ದಿದ್ದ ತಂಡ; ತಮ್ಮ ಮೈದಾನದಲ್ಲಿ 81ರಲ್ಲಿ 60 ಗೆದ್ದವರು. ಅಂಥವರ ಅಂಗಳದಲ್ಲಿ ನಮ್ಮವರು ಮೊದಲ ಆಟವನ್ನು 5–4, ಎರಡನೆಯದನ್ನು 12–3ರಿಂದ ಗೆದ್ದರು. ನಮ್ಮೂರಿಗೆ ಬರುವಾಗ 2–0 ಮುನ್ನಡೆ. ಇನ್ನೆರಡು ಸಾಕಿತ್ತು. ಮೂರು ಆಟ ನಮ್ಮಲ್ಲಿದ್ದವು. ಲೆಕ್ಕ ಹಾಕದವರು ಯಾರು? ಪಟ್ಟವನ್ನು ನಮ್ಮ ಕಣ್ಣೆದುರೇ, ನಮ್ಮ ನೆಲದ ಮೇಲೆಯೇ ಎತ್ತುತ್ತಾರೆ ಎಂದು ಇಡೀ ಊರು ನಂಬಿತು.

ಶುಕ್ರವಾರ ಬಂತು. ಹಸಿರು ಮಾರ್ಗದ ಮೆಟ್ರೊ ನೇವಿ ಯಾರ್ಡ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಬೋಗಿಯೆಲ್ಲ ನಮ್ಮ ತಂಡದ ಕೆಂಪು. ನಮ್ಮ ಮುಂದೆ ಮೆಟ್ಟಿಲು ಹತ್ತುತ್ತಿದ್ದ ಮುದುಕರೊಬ್ಬರು ಹಳೆಯ ಸೆನೆಟರ್ಸ್ ತಂಡದ ಟೋಪಿ ಹಾಕಿದ್ದರು. ತಂಡ ಊರು ಬಿಟ್ಟು ಹೋದಾಗ ತಾನು ಇಪ್ಪತ್ತರ ಹುಡುಗ ಎಂದು ಹೇಳಿದರು. 86 ವರ್ಷಗಳ ನಂತರ ಆ ಊರಿನಲ್ಲಿ ವರ್ಲ್ಡ್ ಸೀರೀಸಿನ ಆಟ. ಒಳಗೆ 43 ಸಾವಿರಕ್ಕೂ ಹೆಚ್ಚು ಜನ. ನಮ್ಮ ಹುವಾನ್ ಸೊಟೊಗೆ ಅಂದೇ 21 ತುಂಬಿತ್ತು.

ಮಗಳಿಗೆ ಸ್ಕೋರು ಬರೆಯುವ ಅಭ್ಯಾಸವಿದೆ. ಬೇಸ್‌ಬಾಲಿನಲ್ಲಿ ಅದು ಹಳೆಯ ರೂಢಿ: ಪ್ರತಿ ಬ್ಯಾಟರ್‌ನ ಸರದಿಗೆ ಹಾಳೆಯಲ್ಲಿ ಒಂದು ಪುಟ್ಟ ಚೌಕ, ಚೌಕದೊಳಗೆ ಮೈದಾನದ ಆಕಾರ. ಆಟಗಾರ ಓಡಿ ಒಂದನೆಯ ಬೇಸ್, ಅಂದರೆ ಮೈದಾನದ ಮೊದಲ ಮೂಲೆ, ತಲುಪಿದರೆ ಒಂದು ಬದಿಯ ಗೆರೆ, ಎರಡನೆಯದನ್ನು ತಲುಪಿದರೆ ಇನ್ನೊಂದು. ಸುತ್ತು ಮುಗಿಸಿ ಹೊರಟಲ್ಲಿಗೇ ಮರಳಿದರೆ ಆಕಾರ ಪೂರ್ತಿಯಾಗುತ್ತದೆ. ಅದನ್ನು ಪೆನ್ಸಿಲಿನಿಂದ ತುಂಬುತ್ತಾರೆ. ಅದು ಒಂದು ರನ್. ಆಟ ಶುರುವಾಗುವ ಮೊದಲು ಅವಳು ಹಾಳೆಯ ಮೂಲೆಯಲ್ಲಿ ಬರೆದಳು: ‘ಇಲ್ಲಿ ಕೊನೆಯ ಗೆಲುವು, ಅಕ್ಟೋಬರ್ 5, 1933.’ ಆಟ ಮುಗಿದ ಮೇಲೆ ಅದನ್ನು ಹೊಡೆದುಹಾಕಿ ಅಂದಿನ ತಾರೀಕು ಬರೆಯುವುದು ಅವಳ ಯೋಚನೆ.

ಕ್ರಿಕೆಟ್ ಬಲ್ಲ ನಿಮಗೆ ಇಲ್ಲಿ ಒಂದು ಮಾತು ಹೇಳಬೇಕು. ಕ್ರಿಕೆಟ್‌ನಲ್ಲಿ ಓಡಿದ ರನ್ ಆಗಲೇ ಖಾತೆಗೆ ಸೇರುತ್ತದೆ, ಮುಂದಿನ ಚೆಂಡಿಗೆ ವಿಕೆಟ್ ಬಿದ್ದರೂ ಅದು ಹೋಗುವುದಿಲ್ಲ. ಬೇಸ್‌ಬಾಲಿನಲ್ಲಿ ಮೂರು ಬೇಸ್ ದಾಟಿ ನಿಂತರೂ ಖಾತೆ ಸೊನ್ನೆ. ಮೂರನೆಯ ಔಟ್ ಬಿದ್ದೊಡನೆ ಬೇಸಿನ ಮೇಲೆ ನಿಂತವರೆಲ್ಲ ಬರಿಗೈಯಲ್ಲಿ ಹಿಂದಿರುಗಬೇಕು. ಕೊನೆಗೆ ಮುಟ್ಟಬೇಕಾದ ಬಿಳಿಯ ಹಲಗೆಯ ಹೆಸರೇ ಹೋಮ್ ಪ್ಲೇಟ್. ಮನೆ. ಮನೆ ಮುಟ್ಟಿದರೆ ಮಾತ್ರ ಲೆಕ್ಕ.

ಆ ರಾತ್ರಿ ನಮ್ಮವರಿಗೆ ಒಂಬತ್ತು ಹಿಟ್ ಸಿಕ್ಕವು, ಅಂದರೆ ಒಂಬತ್ತು ಬಾರಿ ಚೆಂಡು ಹೊಡೆದು ಬೇಸ್ ತಲುಪಿದರು. ಬಂದದ್ದು ಒಂದು ರನ್. ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ ವಿಕ್ಟರ್ ರೊಬ್ಲೆಸ್ ಚೆಂಡನ್ನು ದೂರಕ್ಕೆ ಅಟ್ಟಿ ಮೂರನೆಯ ಬೇಸಿನವರೆಗೆ ಓಡಿದರು, ರಯಾನ್ ಜಿಮ್ಮರ್‌ಮನ್ ಮನೆ ಮುಟ್ಟಿದರು. ಜಿಮ್ಮರ್‌ಮನ್ ಈ ತಂಡ ಊರಿಗೆ ಬಂದ 2005ರಿಂದ ಇದ್ದವರು, ಸೋತ ವರ್ಷಗಳನ್ನೆಲ್ಲ ನಮ್ಮೊಡನೆ ಕಳೆದವರು. ಅವರು ಓಡಿಬಂದಾಗ ಎದ್ದ ಕೂಗು ನನ್ನ ಎದೆಯೊಳಗೆ ಇನ್ನೂ ಇದೆ. ಅಂತರ 2–1ಕ್ಕೆ ಇಳಿಯಿತು. ಮೂರನೆಯ ಬೇಸಿನಲ್ಲಿ ರೊಬ್ಲೆಸ್ ನಿಂತಿದ್ದರು. ಮುಂದಿನ ಸರದಿ ಪಿಚರ್ ಅನಿಬಲ್ ಸ್ಯಾಂಚೆಜ್ ಅವರದು. ಬದಲಿ ಬ್ಯಾಟರ್‌ನನ್ನು ಕಳಿಸಬಹುದಿತ್ತು. ವ್ಯವಸ್ಥಾಪಕ ಡೇವಿ ಮಾರ್ಟಿನೆಜ್ ಕಳಿಸಲಿಲ್ಲ. ಸ್ಯಾಂಚೆಜ್ ಔಟಾದರು, ರೊಬ್ಲೆಸ್ ಅಲ್ಲೇ ಉಳಿದರು. ಪಿಚರ್‌ಗಳನ್ನು ಉಳಿಸಿಕೊಳ್ಳಬೇಕಾದ ಒತ್ತಡ ಮಾರ್ಟಿನೆಜ್ ಅವರಿಗಿತ್ತು ಎಂದು ನನಗೂ ಗೊತ್ತು. ಆದರೂ ಆ ಕ್ಷಣದಲ್ಲಿ ಬದಲಿಸಬೇಕಿತ್ತು ಎಂದೇ ಇವತ್ತಿಗೂ ನನ್ನ ಅಭಿಪ್ರಾಯ. ಆಸ್ಟ್ರೋಸ್‌ನ ಹೊಸೆ ಅಲ್ಟುವೆ, ಮೈಕಲ್ ಬ್ರ್ಯಾಂಟ್ಲಿ ಇಬ್ಬರೂ ಸೇರಿ ತಮ್ಮ ತಂಡಕ್ಕೆ ಮತ್ತೊಂದು ರನ್ ತಂದರು. ಆರನೆಯ ಇನ್ನಿಂಗ್ಸ್‌ನಲ್ಲಿ ಅವರ ರಾಬಿನ್ಸನ್ ಚಿರಿನೋಸ್ ಹೋಮ್ ರನ್ ಬಾರಿಸಿದರು, ಅಂದರೆ ಒಂದೇ ಹೊಡೆತಕ್ಕೆ ಎಲ್ಲ ಬೇಸುಗಳನ್ನೂ ಸುತ್ತಿ ಮನೆ ಮುಟ್ಟಿದರು. 4–1.

ಎರಡನೆಯ ಅಥವಾ ಮೂರನೆಯ ಬೇಸಿನಲ್ಲಿ ಓಟಗಾರ ಇದ್ದಾಗ ಒಂದು ಸಾಧಾರಣ ಹಿಟ್ ಬಿದ್ದರೂ ರನ್ ಬರುವ ಸಂಭವ ಹೆಚ್ಚು. ಅಂಥ ಸನ್ನಿವೇಶದಲ್ಲಿ ನಮ್ಮವರು ಹತ್ತು ಬಾರಿ ಬ್ಯಾಟ್ ಹಿಡಿದರು, ಹತ್ತರಲ್ಲಿ ಒಂದೂ ಹಿಟ್ ಇಲ್ಲ. ಹನ್ನೆರಡು ಓಟಗಾರರು ಬೇಸಿನ ಮೇಲೆಯೇ ಉಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಅದನ್ನು ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಪ್ರತಿ ಸಲ ಇಬ್ಬರು ಬೇಸಿನ ಮೇಲೆ ನಿಂತಾಗ 43 ಸಾವಿರ ಜನ ಎದ್ದು ನಿಲ್ಲುತ್ತಿದ್ದೆವು, ಮೂರನೆಯ ಔಟ್ ಬಿದ್ದಾಗ ಒಬ್ಬರ ಮುಖ ಒಬ್ಬರು ನೋಡದೆ ಕೂರುತ್ತಿದ್ದೆವು. ಮಗಳ ಹಾಳೆಯಲ್ಲಿ ತುಂಬಿದ ಆಕಾರ ಒಂದು. ಅರ್ಧಕ್ಕೆ ನಿಂತ ಗೆರೆಗಳು ಹನ್ನೆರಡು. ಮೂಲೆಯ ಸಾಲನ್ನು ಅವಳು ಮುಟ್ಟಲಿಲ್ಲ.

ಶನಿವಾರದ ಆಟದ ಬಗ್ಗೆ ಹೆಚ್ಚು ಹೇಳಲಾರೆ. ಪ್ಯಾಟ್ರಿಕ್ ಕಾರ್ಬಿನ್ ಮೊದಲ ಇನ್ನಿಂಗ್ಸ್‌ನಲ್ಲೇ ಎರಡು ರನ್ ಬಿಟ್ಟುಕೊಟ್ಟರು. ಅತ್ತ ಹೊಸೆ ಉರ್ಕಿಡಿ ಎಂಬ ಹೊಸ ಹುಡುಗ ಐದು ಇನ್ನಿಂಗ್ಸ್ ಚೆಂಡೆಸೆದು ಒಂದು ರನ್ನನ್ನೂ ಕೊಡಲಿಲ್ಲ. ಏಳನೆಯ ಇನ್ನಿಂಗ್ಸ್‌ನಲ್ಲಿ ಮೂರು ಬೇಸುಗಳೂ ತುಂಬಿದ್ದಾಗ ಅಲೆಕ್ಸ್ ಬ್ರೆಗ್‌ಮನ್ ಚೆಂಡನ್ನು ಎಡಗಡೆಯ ಗ್ಯಾಲರಿಗೆ ಅಟ್ಟಿದರು; ಒಂದೇ ಹೊಡೆತಕ್ಕೆ ನಾಲ್ಕು ರನ್. 8–1. ಜನ ಎದ್ದು ಹೊರಡುವ ಸದ್ದು ಕೇಳಿಸಿತು, ಕುರ್ಚಿಗಳು ಒಂದೊಂದಾಗಿ ಮಡಚಿಕೊಳ್ಳುವ ಸದ್ದು.

ಭಾನುವಾರ ಮ್ಯಾಕ್ಸ್ ಶರ್ಜರ್ ಪಿಚ್ ಮಾಡಬೇಕಿತ್ತು. ನಮ್ಮ ತಂಡದ ಬೆನ್ನೆಲುಬು ಅವರು. ಆಟಕ್ಕೆ ಕೆಲವೇ ಗಂಟೆ ಇರುವಾಗ ಅವರು ಆಡುವುದಿಲ್ಲ ಎಂಬ ಸುದ್ದಿ ಬಂತು. ಕುತ್ತಿಗೆಯ ಸ್ನಾಯು ಹಿಡಿದುಕೊಂಡು ಬೆಳಿಗ್ಗೆ ಹಾಸಿಗೆಯಿಂದ ಏಳಲೂ ಕಷ್ಟವಾಗಿತ್ತಂತೆ. ಬದಲಿಗೆ ಜೋ ರಾಸ್. ಅತ್ತ ಗೆರಿಟ್ ಕೋಲ್, ಆ ವರ್ಷದ ಅತ್ಯಂತ ಭಯಂಕರ ಪಿಚರ್‌ಗಳಲ್ಲಿ ಒಬ್ಬರು. ಎರಡನೆಯ ಇನ್ನಿಂಗ್ಸ್‌ನಲ್ಲಿ ಯೊರ್ಡಾನ್ ಅಲ್ವಾರೆಜ್, ನಾಲ್ಕನೆಯದರಲ್ಲಿ ಕಾರ್ಲೊಸ್ ಕೊರಿಯಾ, ತಲಾ ಎರಡು ರನ್‌ಗಳ ಹೋಮ್ ರನ್. ನಮ್ಮ ಪಾಲಿಗೆ ಸೊಟೊ ಹೊಡೆದ ಒಂದೇ ಒಂದು. 7–1. ಜೋ ರಾಸ್ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಯಾರಿಯೇ ಇಲ್ಲದೆ ಅಂಥ ರಾತ್ರಿಯಲ್ಲಿ, ಪಿಚರ್ ನಿಂತು ಎಸೆಯುವ ಆ ದಿಬ್ಬದ ಮೇಲೆ ಹತ್ತಿ ನಿಂತ ಮನುಷ್ಯನಿಗೆ ಗ್ಯಾಲರಿ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು.

ಮೂರು ಆಟ, ಮೂರು ರನ್. ಅದೇ ತಂಡ ಹ್ಯೂಸ್ಟನ್‌ನಲ್ಲಿ ಆಡಿದ ನಾಲ್ಕು ಆಟಗಳಲ್ಲಿ ಗಳಿಸಿದ್ದು 30.

ಏಕೆ ಹೀಗಾಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ತವರಿನ ಬಲ ಎನ್ನುವುದು ಬೇಸ್‌ಬಾಲಿನಲ್ಲಿ ಮೊದಲೇ ತೆಳು. ಒಟ್ಟಾರೆ ನೋಡಿದರೆ ತವರಿನ ತಂಡ ನೂರರಲ್ಲಿ 53–54 ಆಟ ಗೆಲ್ಲುತ್ತದೆ, ಅಷ್ಟೇ. ಕೊನೆಯ ಬ್ಯಾಟಿಂಗ್ ಸರದಿ ನಮ್ಮದು, ಗೋಡೆಯ ಎತ್ತರ, ಮೂಲೆಯ ತಿರುವು ನಮಗೆ ಗೊತ್ತು, ಪ್ರಯಾಣದ ದಣಿವಿಲ್ಲ. ಇವೆಲ್ಲ ಸೇರಿ ಸಿಗುವ ಲಾಭ ಅಷ್ಟೇ. ಒಂದು ಆಟದ ಗತಿಯನ್ನು ಅದಕ್ಕಿಂತ ಹೆಚ್ಚು ನಿರ್ಧರಿಸುವುದು ಆ ದಿನ ದಿಬ್ಬದ ಮೇಲೆ ನಿಂತ ಪಿಚರ್. ನಮ್ಮ ಸ್ಟೀಫನ್ ಸ್ಟ್ರಾಸ್‌ಬರ್ಗ್ ಸರದಿ ಎರಡನೆಯ ಮತ್ತು ಆರನೆಯ ಆಟಕ್ಕೆ ಬಿತ್ತು, ಎರಡೂ ಹ್ಯೂಸ್ಟನ್‌ನಲ್ಲಿ. ಶರ್ಜರ್ ಒಂದು ಮತ್ತು ಏಳನೆಯ ಆಟದಲ್ಲಿ ಎಸೆದರು, ಅವೂ ಅಲ್ಲಿಯೇ. ನಮ್ಮ ಇಬ್ಬರು ದೊಡ್ಡ ಪಿಚರ್‌ಗಳಲ್ಲಿ ಒಬ್ಬರೂ ಆ ಸರಣಿಯಲ್ಲಿ ನಮ್ಮೂರಿನ ದಿಬ್ಬ ಹತ್ತಲಿಲ್ಲ. ಹತ್ತಬೇಕಾಗಿದ್ದವರ ಕುತ್ತಿಗೆ ಹಿಡಿದುಕೊಂಡಿತು.

ನಿಯಮವೂ ಒಂದು ಕಾರಣ. ಆಗ ನಮ್ಮ ತಂಡವಿರುವ ನ್ಯಾಷನಲ್ ಲೀಗ್ ತಂಡಗಳ ಮೈದಾನದಲ್ಲಿ ಪಿಚರ್ ತಾನೇ ಬ್ಯಾಟ್ ಮಾಡಬೇಕಿತ್ತು. ಆಸ್ಟ್ರೋಸ್ ಇರುವ ಅಮೆರಿಕನ್ ಲೀಗ್ ಮೈದಾನಗಳಲ್ಲಿ ಅವನ ಬದಲು ಬೇರೊಬ್ಬ ಬ್ಯಾಟರ್ ಆಡುವ ಅವಕಾಶವಿತ್ತು. ನಮ್ಮ ಅಂಗಳದ ನಿಯಮ ನಮಗೆ ಅನುಕೂಲ ಎಂದು ಎಲ್ಲರೂ ಹೇಳಿದರು, ಏಕೆಂದರೆ ಅಲ್ಲಿ ಪಿಚರ್ ಬದಲು ಬ್ಯಾಟ್ ಮಾಡುತ್ತಿದ್ದ ಅವರ ಅಲ್ವಾರೆಜ್ ಮೂರು ಮತ್ತು ನಾಲ್ಕನೆಯ ಆಟಗಳ ಆರಂಭದಲ್ಲಿ ಹೊರಗೆ ಕುಳಿತಿದ್ದರು. ಆದರೆ ಸ್ಯಾಂಚೆಜ್ ಬ್ಯಾಟ್ ಹಿಡಿದು ಬರಬೇಕಾದದ್ದೂ ಅದೇ ನಿಯಮದಿಂದ.

ಇನ್ನೊಂದು ಕಾರಣವನ್ನು ನಾನು ಗ್ಯಾಲರಿಯಲ್ಲಿ ಕಂಡೆ, ಲೆಕ್ಕದಲ್ಲಿ ತೋರಿಸಲಾರೆ. ನಾವು ಬಹಳ ಬಯಸಿದೆವು. ಅಷ್ಟು ವರ್ಷಗಳ ಆಸೆ ಕೂಗಾಗಿ ಮೈದಾನಕ್ಕೆ ಇಳಿದಾಗ ಅದು ಆಟಗಾರರಿಗೆ ಭಾರವಾಯಿತೇನೋ. ಹ್ಯೂಸ್ಟನ್‌ನಲ್ಲಿ ತಾಳ್ಮೆಯಿಂದ ಕೆಟ್ಟ ಚೆಂಡುಗಳನ್ನು ಬಿಡುತ್ತಿದ್ದವರು ನಮ್ಮೆದುರು ಅವುಗಳ ಬೆನ್ನು ಹತ್ತಿದರು ಎಂದು ನನಗೆ ಅನ್ನಿಸಿತು. ತವರಿಗೆ ಬಂದ ಮಗಳಿಗೆ ಎಲ್ಲರೂ ಒಟ್ಟಿಗೆ ಬಡಿಸಲು ನಿಂತರೆ ಅವಳಿಗೆ ಒಂದು ತುತ್ತೂ ಇಳಿಯುವುದಿಲ್ಲ. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳಿಗೆ ನಾನು ಅದನ್ನು ವಿವರಿಸಬೇಕಾಗಿಲ್ಲ.

ತವರಿನ ಬಲವನ್ನು ಕೆಡಿಸಿಕೊಂಡವರ ಮಾತೂ ಹೇಳಬೇಕು. ಸರಣಿ ಮುಗಿದ ತಿಂಗಳೊಳಗೆ ಹೊರಬಿದ್ದ ಸುದ್ದಿ ಇದು: 2017ರಲ್ಲಿ ಆಸ್ಟ್ರೋಸ್ ತಂಡದವರು ತಮ್ಮ ಮೈದಾನದಲ್ಲಿ ಕ್ಯಾಮೆರಾ ಇಟ್ಟು ಎಂಥ ಚೆಂಡು ಎಸೆಯಬೇಕೆಂದು ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಮಾಡುವ ಸನ್ನೆಗಳನ್ನು ಕದ್ದು, ಕಸದ ಡಬ್ಬ ಬಡಿದು ತಮ್ಮ ಬ್ಯಾಟರ್‌ಗಳಿಗೆ ತಿಳಿಸುತ್ತಿದ್ದರು. 2020ರ ಜನವರಿಯಲ್ಲಿ ಲೀಗ್ ಅವರಿಗೆ 50 ಲಕ್ಷ ಡಾಲರ್ ದಂಡ ಹಾಕಿತು. 2019ರಲ್ಲಿ ಹಾಗೆ ಮಾಡಿದರೆಂದು ತನಿಖೆ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನಮ್ಮ ಮೈದಾನದಲ್ಲಿ ಅವರು ಗೆದ್ದದ್ದು ಚೆನ್ನಾಗಿ ಆಡಿ. ಆದರೆ ಮನೆ ಎನ್ನುವ ಜಾಗವನ್ನೇ ಮೋಸಕ್ಕೆ ಬಳಸಿದ ತಂಡವೊಂದು ಇತ್ತು ಎಂಬುದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಹೊರಗೆ ಗೆದ್ದು ಮನೆಯಲ್ಲಿ ಸೋಲುವುದು ನಿಮಗೂ ಹೊಸತಲ್ಲ. 2025ರ ಐಪಿಎಲ್‌ನಲ್ಲಿ ಆರ್‌ಸಿಬಿ ಚಿನ್ನಸ್ವಾಮಿ ಕ್ರೀಡಾಂಗಣದ ಮೊದಲ ಮೂರು ಪಂದ್ಯಗಳನ್ನೂ ಸೋತಿತು. ಲೀಗ್ ಹಂತದಲ್ಲಿ ಹೊರ ಊರುಗಳ ಏಳಕ್ಕೆ ಏಳೂ ಪಂದ್ಯ ಗೆದ್ದು, ಕೊನೆಗೆ ಅಹಮದಾಬಾದ್‌ನಲ್ಲಿ ಕಪ್ ಎತ್ತಿತು. ಮರುದಿನ ಆ ಕಪ್ ಊರಿಗೆ ಬಂದಾಗ ಕ್ರೀಡಾಂಗಣದ ಹೊರಗೆ ಹನ್ನೊಂದು ಜೀವಗಳು ಹೋದವು. ತಮ್ಮ ತಂಡವನ್ನು ತಮ್ಮ ಅಂಗಳದಲ್ಲಿ ಒಮ್ಮೆ ನೋಡಬೇಕೆಂದು ಬಂದ ಮಕ್ಕಳು. ಅದರ ಬಗ್ಗೆ ಮಾತನಾಡುವ ಶಕ್ತಿ ನನಗಿಲ್ಲ.

ಮತ್ತೆ ವಾಷಿಂಗ್ಟನ್‌ಗೆ ಬರುತ್ತೇನೆ. ಆರನೆಯ ಆಟವನ್ನು ಸ್ಟ್ರಾಸ್‌ಬರ್ಗ್ ಗೆದ್ದುಕೊಟ್ಟರು, 7–2. ಏಳನೆಯದು ಅಕ್ಟೋಬರ್ 30ರ ಬುಧವಾರ. ಹ್ಯೂಸ್ಟನ್‌ನಲ್ಲಿ ನಡೆಯುವ ಆಟವನ್ನು ನ್ಯಾಷನಲ್ಸ್ ಪಾರ್ಕಿನ ದೊಡ್ಡ ಪರದೆಯ ಮೇಲೆ ತೋರಿಸುವ ಏರ್ಪಾಡಾಗಿತ್ತು. ಮಗಳು ಕೇಳಿದಳು, “ಅಮ್ಮ, ಹೋಗೋಣವೇ?” ಮಳೆ ಸುರಿಯುತ್ತಿತ್ತು. ಹೋದೆವು. ಸಾವಿರಾರು ಜನ ಪ್ಲಾಸ್ಟಿಕ್ ಹೊದ್ದು ಕುಳಿತಿದ್ದರು. ಎದುರಿಗೆ ಖಾಲಿ ಮೈದಾನ. ಆಟಗಾರರೆಲ್ಲ ಸಾವಿರದ ಇನ್ನೂರು ಮೈಲಿಗೂ ಆಚೆ.

ಆರು ಇನ್ನಿಂಗ್ಸ್ ಮುಗಿದಾಗ 0–2 ಹಿಂದಿದ್ದೆವು. ಏಳನೆಯದರಲ್ಲಿ ಆಂಥನಿ ರೆಂಡನ್ ಹೋಮ್ ರನ್. ಆಮೇಲೆ ಸೊಟೊ ನಾಲ್ಕು ಕೆಟ್ಟ ಚೆಂಡುಗಳನ್ನು ಬಿಟ್ಟು, ಹೊಡೆಯದೆಯೇ ಒಂದನೆಯ ಬೇಸಿಗೆ. ಅವರ ಪಿಚರ್ ಬದಲಾದರು. ಹೋವಿ ಕೆಂಡ್ರಿಕ್, ಅಲ್ಲಿನ ನಿಯಮದಿಂದಾಗಿ ಬ್ಯಾಟಿಂಗ್‌ಗೆಂದೇ ಆಡುತ್ತಿದ್ದ 36ರ ಹಿರಿಯ, ಚೆಂಡನ್ನು ಬಲಗಡೆಗೆ ಹೊಡೆದರು. ಅದು ಅಂಚಿನ ಹಳದಿ ಕಂಬಕ್ಕೆ ಬಡಿಯಿತು, ಅಂದರೆ ಹೋಮ್ ರನ್. 3–2. ಕೊನೆಗೆ 6–2. ಏಳು ಆಟಗಳ ಸರಣಿಯೊಂದರಲ್ಲಿ ಏಳನ್ನೂ ಹೊರಗಿನಿಂದ ಬಂದ ತಂಡವೇ ಗೆದ್ದದ್ದು ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿಯ ದೊಡ್ಡ ಲೀಗುಗಳ ಇತಿಹಾಸದಲ್ಲೇ ಮೊದಲು. ತವರಿಗೆ ನೂರಕ್ಕೆ 54 ಎಂದು ಹಿಡಿದು ನಾನೇ ಗುಣಿಸಿ ನೋಡಿದ್ದೇನೆ: ಸಾವಿರ ಸರಣಿ ಆಡಿದರೆ ನಾಲ್ಕರಲ್ಲಿ ಹೀಗಾಗಬಹುದು.

ನಾನು ಅತ್ತೆ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸನ್ನು ತಬ್ಬಿಕೊಂಡೆ. ಆ ಸಂತೋಷ ನಿಜವಾದದ್ದು. ಆದರೆ ಆ ಕೂಗಾಟದ ನಡುವೆ ಕಣ್ಣು ಪರದೆಯಿಂದ ಕೆಳಗಿಳಿದಾಗ ದಿಬ್ಬದ ಮೇಲೆ ಯಾರೂ ಇರಲಿಲ್ಲ, ಮಳೆಯಷ್ಟೇ ಬೀಳುತ್ತಿತ್ತು. ಚಾಂಪಿಯನ್ನರಾಗಿ ಅವರು ಈ ಅಂಗಳಕ್ಕೆ ಇಳಿಯುವುದನ್ನು ಬರುವ ವಸಂತದಲ್ಲಿ ನೋಡೋಣ ಎಂದುಕೊಂಡೆವು. ಬಂದದ್ದು ಕೋವಿಡ್. 2020ರ ಜುಲೈ 23ರಂದು ಋತು ಆರಂಭವಾದಾಗ ಗ್ಯಾಲರಿ ಪೂರ್ತಿ ಖಾಲಿ. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಅವರ ಪಿಚರ್ ಅದೇ ಗೆರಿಟ್ ಕೋಲ್, ಈಗ ಹೊಸ ಅಂಗಿಯಲ್ಲಿ. ಮಳೆಯಿಂದ ಆಟ ಅರ್ಧಕ್ಕೆ ನಿಂತಿತು, ನಮ್ಮವರು 4–1ರಿಂದ ಸೋತರು. ಶುಕ್ರವಾರದ್ದೇ ಸ್ಕೋರು. ರೆಂಡನ್ ಆಗಲೇ ಬೇರೆ ತಂಡ ಸೇರಿದ್ದರು. 2021ರಲ್ಲಿ ಶರ್ಜರ್ ಹೋದರು, 2022ರಲ್ಲಿ ಸೊಟೊ.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಏಳನೆಯ ಆಟದ ಹಾಳೆ ಅವಳಲ್ಲಿಲ್ಲ. ಅಂದು ಬರೆಯುತ್ತ ಕುಳಿತ ಕಾಗದ ಮೂರನೆಯ ಇನ್ನಿಂಗ್ಸ್‌ನಷ್ಟರಲ್ಲೇ ಮಳೆಗೆ ಕರಗಿಹೋಯಿತು. ಹಾಸ್ಟೆಲ್ ಕೋಣೆಯ ಗೋಡೆಗೆ ಅವಳು ಅಂಟಿಸಿಕೊಂಡಿರುವುದು ಶುಕ್ರವಾರದ ಹಾಳೆ. ಒಂದು ತುಂಬಿದ ಆಕಾರ, ಅರ್ಧಕ್ಕೆ ನಿಂತ ಹನ್ನೆರಡು ಗೆರೆಗಳು, ಮೂಲೆಯಲ್ಲಿ 1933ರ ಆ ಸಾಲು. ಅದನ್ನು ಹೊಡೆದುಹಾಕುವ ದಿನ ಇನ್ನೂ ಬಂದಿಲ್ಲ.